ಎರಡಕ್ಷರದ ಎಣ್ಣೆ

ಮೇಣದಬತ್ತಿ ಹಚ್ಚಲೆಂದು ಲೈಟರ್ ಕೈಗೆತ್ತಿಕೊಂಡಾಗ ಅದರ ಹೊಟ್ಟೆಯಲ್ಲಿ ಏನೋ ಕುಲುಕಾಡಿತು. ಒಳಗಿರುವುದೆಲ್ಲ ಕಾಣುವಂತಹ ಅಗ್ಗದ ಪ್ಲಾಸ್ಟಿಕ್ ಲೈಟರ್. ಒಳಗಿರುವುದು ನೀರಿನಂತಹ ದ್ರವ, ಗುಂಡಿ ಒತ್ತಿದರೆ ಹೊರಗೆ ಬರುವುದು ಮಾತ್ರ ಅನಿಲ. ಇದು ಬ್ಯೂಟೇನ್. ಸೊನ್ನೆ ಡಿಗ್ರಿಗಿಂತ ತುಸುವೇ ಕೆಳಗೆ ಕುದಿದುಬಿಡುವ ಈ ಚಂಚಲನನ್ನು ಒತ್ತಡ ಹೇರಿ ಕೂಡಿಹಾಕಿದ್ದಾರೆ, ಅಷ್ಟೆ. ಬಾಗಿಲು ತೆರೆದದ್ದೇ ತಡ, ಆವಿಯಾಗಿ ಹೊರಟ. ಬತ್ತಿ ಹತ್ತಿಕೊಂಡಿತು. ಆಮೇಲೆ ಹೊಳೆಯಿತು: ಹಚ್ಚಿದ್ದೂ ಹತ್ತಿದ್ದೂ ಒಂದೇ ವಂಶದವು. ಎರಡೂ ಕಚ್ಚಾ ತೈಲದ ಸಂತಾನ.

ಕಚ್ಚಾ ತೈಲಕ್ಕಿರುವ ಪೆಟ್ರೋಲಿಯಂ ಎಂಬ ಲ್ಯಾಟಿನ್ ಮೂಲದ ಹೆಸರನ್ನು ಬಿಡಿಸಿದರೆ ಸಿಗುವುದು ಕಲ್ಲೆಣ್ಣೆ. ಈ ಕಲ್ಲೆಣ್ಣೆಯ ಸಮಸ್ತ ಪುರಾಣವನ್ನೂ ಪ್ರಕೃತಿ ಹೆಚ್ಚುಕಡಿಮೆ ಎರಡೇ ಅಕ್ಷರಗಳಲ್ಲಿ ಬರೆದಿದೆ. ತೂಕದಲ್ಲಿ ನೂರಕ್ಕೆ 83ರಿಂದ 87 ಪಾಲು ಇಂಗಾಲ, 10ರಿಂದ 14 ಪಾಲು ಜಲಜನಕ. ಗಂಧಕ, ಸಾರಜನಕ, ಆಮ್ಲಜನಕ, ಚೂರು ಲೋಹ ಇವೆಲ್ಲ ಉಳಿದ ಪುಡಿಗಾಸು. ಇಂಗಾಲಕ್ಕೆ ನಾಲ್ಕು ಕೈ, ಜಲಜನಕಕ್ಕೆ ಒಂದೇ. ಒಂಟಿ ಇಂಗಾಲದ ನಾಲ್ಕೂ ಕೈಗಳನ್ನು ಜಲಜನಕ ಹಿಡಿದರೆ ಮೀಥೇನ್. ಅದು ದ್ರವವಾಗಬೇಕಾದರೆ ಮೈನಸ್ 161 ಡಿಗ್ರಿಯ ಚಳಿ ಬೇಕು. ಇಂಗಾಲಗಳು ತಮ್ಮತಮ್ಮಲ್ಲೇ ಕೈ ಹಿಡಿದು ಸಾಲುಗಟ್ಟತೊಡಗಿದರೆ ಸ್ವಭಾವ ಗಂಭೀರವಾಗುತ್ತ ಹೋಗುತ್ತದೆ. ಐದು ಸೇರಿದ ಪೆಂಟೇನ್ 36 ಡಿಗ್ರಿಗೆ, ಅಂದರೆ ಮೈಬಿಸಿಗೇ ಕುದಿಯುತ್ತದೆ. ಎಂಟರ ಆಕ್ಟೇನ್‌ಗೆ 126 ಡಿಗ್ರಿ ಬೇಕು. ಇಪ್ಪತ್ತು ದಾಟಿದವು ಹರಿಯುವ ಉತ್ಸಾಹವನ್ನೇ ಬಿಟ್ಟು ನನ್ನ ಮೇಜಿನ ಮೇಲೆ ಮೇಣವಾಗಿ ನಿಂತಿವೆ. ಕಾರಣ ಸರಳ. ಗಿಡ್ಡ ದಾರದ ತುಂಡುಗಳನ್ನು ಊದಿದರೆ ಚೆದರುತ್ತವೆ, ಉದ್ದನೆಯವು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಅಣು ಉದ್ದವಾದಷ್ಟೂ ಪಕ್ಕದ ಅಣುವಿನ ಸೆಳೆತ ಹೆಚ್ಚು.

ತೈಲ ಶುದ್ಧೀಕರಣಾಗಾರವೆಂದರೆ ಪೆಟ್ರೋಲನ್ನು ಹೊಸದಾಗಿ ತಯಾರಿಸುವ ಜಾಗವೆಂದು ನಾನು ಬಹಳ ಕಾಲ ನಂಬಿದ್ದೆ. ಅಲ್ಲಿ ಮೊದಲು ನಡೆಯುವುದು ಬರೀ ವಿಂಗಡಣೆ. ತೈಲವನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರದೊಳಕ್ಕೆ ಬಿಡುತ್ತಾರೆ. ಹಗುರ ಅಣುಗಳು ಮೇಲಕ್ಕೇರುತ್ತವೆ, ಭಾರದವು ಕೆಳಗೇ ಏದುಸಿರು ಬಿಟ್ಟು ದ್ರವವಾಗುತ್ತವೆ. ಮೇಲೆ ಪೆಟ್ರೋಲ್, ನಡುವೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್, ತಳದಲ್ಲಿ ಡಾಂಬರಿನ ಗಷ್ಟು. ಪೆಟ್ರೋಲ್ ಸಾಲದಾದಾಗ ಉದ್ದನೆಯ ಅಣುಗಳನ್ನು ಮುರಿದು ಗಿಡ್ಡ ಮಾಡುವುದು ಆಮೇಲಿನ ಮಾತು.

ಉದ್ದವೊಂದೇ ಆಗಿದ್ದರೆ ಲೆಕ್ಕ ಸುಲಭವಾಗಿತ್ತು. ಸಾಲು ಕವಲೊಡೆಯಲೂ ಬಹುದು, ಬಾಲ ಕಚ್ಚಿ ಉಂಗುರವಾಗಲೂ ಬಹುದು. ಉಂಗುರಗಳನ್ನು ಬಿಟ್ಟೇ ಲೆಕ್ಕ ಹಾಕಿದರೂ ಎಂಟು ಇಂಗಾಲ, ಹದಿನೆಂಟು ಜಲಜನಕಗಳನ್ನು 18 ಬಗೆಯಲ್ಲಿ ಜೋಡಿಸಬಹುದು; ಇಪ್ಪತ್ತು ಇಂಗಾಲವಾದರೆ 3,66,319 ಬಗೆ! ಇದರಲ್ಲಿ ನನಗೆ ತೀರ ಇಷ್ಟವಾದ ತಮಾಷೆ ಆಕ್ಟೇನ್ ಸಂಖ್ಯೆಯದು. ಎಂಜಿನ್ನಿನಲ್ಲಿ ಪೆಟ್ರೋಲ್ ತನ್ನ ಸರದಿಗೆ ಕಾಯದೆ ತಾನಾಗಿ ಹೊತ್ತಿಕೊಂಡರೆ ಒಳಗೆ ಟಕಟಕ ಬಡಿತ. ಹಾಗೆ ಆತುರಪಡದಿರುವ ಗುಣಕ್ಕೆ ಕೊಡುವ ಅಂಕವೇ ಆಕ್ಟೇನ್ ಸಂಖ್ಯೆ. ನೂರಕ್ಕೆ ನೂರು ಪಡೆದದ್ದು ಐದು ಇಂಗಾಲದ ಬೆನ್ನೆಲುಬಿಗೆ ಮೂರು ಕವಲು ಮೂಡಿದ ಐಸೋಆಕ್ಟೇನ್. ಸೊನ್ನೆ ಪಡೆದದ್ದು ನೇರ ಸಾಲಿನ ಹೆಪ್ಟೇನ್. ಕವಲಿಲ್ಲದ ಅಸಲಿ ಆಕ್ಟೇನ್ ಗಳಿಸಿದ್ದೆಷ್ಟು? ಸೊನ್ನೆಗಿಂತಲೂ ಕಡಿಮೆ. ತನ್ನದೇ ಹೆಸರಿನ ಪರೀಕ್ಷೆಯಲ್ಲಿ ಹೀಗೆ ನಪಾಸಾದವರು ಬೇರೆ ಯಾರಿದ್ದಾರೋ!

ಮೇಣಕ್ಕೆ ಪ್ಯಾರಾಫಿನ್ ಎಂಬ ಹೆಸರು ಬಂದದ್ದು 1830ರ ಸುಮಾರಿಗೆ, ರೈಖೆನ್‌ಬಾಖ್ ಎಂಬ ಜರ್ಮನ್ ರಸಾಯನ ವಿಜ್ಞಾನಿಯಿಂದ. ಲ್ಯಾಟಿನ್ನಿನಲ್ಲಿ ಅದರ ಅರ್ಥ, ನಂಟು ಕಡಿಮೆ ಇರುವುದು. ಆಮ್ಲ ಸುರಿದರೂ ಕ್ಷಾರ ಸುರಿದರೂ ಅದು ಯಾರೊಂದಿಗೂ ಬೆರೆಯುವುದಿಲ್ಲ. ಬೆಂಕಿ ತಾಗಿದರೆ ಮಾತ್ರ ಆಮ್ಲಜನಕದೊಂದಿಗೆ ಎಲ್ಲಿಲ್ಲದ ಬಳಗ.

ಈ ಎಣ್ಣೆ ಡೈನೋಸಾರ್‌ಗಳು ಬಿಟ್ಟುಹೋದ ಆಸ್ತಿ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಅಷ್ಟು ದೊಡ್ಡ ಪೂರ್ವಜರು ಬೇಕೆಂಬ ಆಸೆ ಸಹಜವೇ. ನಿಜವಾದ ಪೂರ್ವಜರು ಕಣ್ಣಿಗೆ ಕಾಣದ ಪಾಚಿ, ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳು. ಕಡಲ ತಳದ ಕೆಸರಿನಲ್ಲಿ ಹೂತು, ಕೋಟ್ಯಂತರ ವರ್ಷ ಬೆಂದವು. 1930ರ ದಶಕದಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಆಲ್‌ಫ್ರೆಡ್ ಟ್ರೈಬ್ಸ್ ಕಚ್ಚಾ ತೈಲದೊಳಗೆ ಪಾರ್ಫಿರಿನ್ ಅಣುಗಳನ್ನು ಗುರುತಿಸಿದರು. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನದೇ ಚೌಕಟ್ಟು ಅದು. ಅಷ್ಟು ಬೆಂದರೂ ಹಸಿರಿನ ಅಸ್ಥಿಪಂಜರ ಉಳಿದೇ ಇತ್ತು.

ಬತ್ತಿ ಇನ್ನೂ ಉರಿಯುತ್ತಿತ್ತು. ಆ ಎರಡಕ್ಷರಗಳನ್ನು ಕಣ್ಣಾರೆ ನೋಡುವ ಹುಚ್ಚು ಹತ್ತಿತು. ಒಣಗಿದ ತಣ್ಣನೆಯ ಗಾಜಿನ ಲೋಟವನ್ನು ಜ್ವಾಲೆಯ ಮೇಲೆ ಒಂದು ಗಳಿಗೆ ಬೋರಲಾಗಿ ಹಿಡಿದೆ. ಒಳಮೈ ಮಂಜಾಯಿತು. ಅದು ನೀರು, ಮೇಣದ ಜಲಜನಕ ಗಾಳಿಯ ಆಮ್ಲಜನಕವನ್ನು ಕೂಡಿ ಆದದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೀಗೆಯೇ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಜೊತೆಗೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್. ಪೆಟ್ರೋಲಿನ ತೂಕ ಮುಕ್ಕಾಲು ಕಿಲೊ ಮಾತ್ರ. ಮಿಕ್ಕ ಭಾರವೆಲ್ಲ ಗಾಳಿಯಿಂದ ಪಡೆದ ಆಮ್ಲಜನಕದ್ದು. ಇನ್ನೊಂದು ಅಕ್ಷರಕ್ಕಾಗಿ ಚಮಚವೊಂದನ್ನು ಜ್ವಾಲೆಯ ಹಳದಿ ಭಾಗಕ್ಕೇ ಒಡ್ಡಿದೆ. ಕಪ್ಪು ಮಸಿ ಹಿಡಿಯಿತು. ಅದು ಇಂಗಾಲ. ಲೋಟದ ಮಂಜು ಆಗಲೇ ಆರಿಹೋಗಿತ್ತು, ಮಸಿ ಮಾತ್ರ ಸೋಪಿಗೂ ಜಗ್ಗಲಿಲ್ಲ. ಚಮಚವನ್ನು ಡಬ್ಬಿಯ ತಳಕ್ಕೆ, ಉಳಿದ ಚಮಚಗಳ ಅಡಿಗೆ ಸೇರಿಸಿಟ್ಟಿದ್ದೇನೆ.