ಸ್ಪಷ್ಟನೆ: ಪ್ಯಾರಾಚೂಟ್ ಕೈಕೊಟ್ಟಾಗ ನೀರು ಕಾಪಾಡುವುದಿಲ್ಲ

ಸ್ಕೈಡೈವಿಂಗ್ ಮಾಡುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದರೆ ನಮ್ಮ ಸೂಳೆಕೆರೆಯಂಥ ದೊಡ್ಡ ಕೆರೆಯ ನೀರಿಗೆ ಬಿದ್ದರೆ ಸಾಕು, ಜೀವ ಉಳಿಯುತ್ತದೆ ಎಂಬ ಸಂದೇಶ ದಾವಣಗೆರೆಯ ಹಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಪರಿಶೀಲಿಸದೆ ಬಡಾವಣೆಯ ಗುಂಪಿಗೆ ಕಳುಹಿಸಿದ್ದೆ. ಅದು ತಪ್ಪು.

ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಮುಟ್ಟುತ್ತದೆ. ಆ ವೇಗದಲ್ಲಿ ನೀರಿಗೆ ಸರಿದು ದಾರಿ ಬಿಡುವಷ್ಟು ಸಮಯವೇ ಸಿಗದೆ, ಅದರ ಹೊಡೆತ ಗಟ್ಟಿ ನೆಲದ ಹೊಡೆತದಷ್ಟೇ ಮಾರಕವಾಗಬಲ್ಲದು. ನಿಜವಾಗಿ ಜೀವ ಉಳಿಸುವುದು ಬೆನ್ನಿನ ಅದೇ ಚೀಲದಲ್ಲಿರುವ ಎರಡನೆಯ, ಅಂದರೆ ಮೀಸಲು ಪ್ಯಾರಾಚೂಟ್. ಸಾಮಾನ್ಯ ಸಲಕರಣೆಯಲ್ಲಿ ಎದೆಯ ಬಲಬದಿಯ ಮೆತ್ತನೆಯ ಹಿಡಿಯನ್ನು ಎಳೆದರೆ ಕೆಟ್ಟ ಪ್ಯಾರಾಚೂಟ್ ಕಳಚಿಹೋಗುತ್ತದೆ, ಎಡಬದಿಯ ಹಿಡಿಯನ್ನು ಎಳೆದರೆ ಮೀಸಲು ಬಿಚ್ಚಿಕೊಳ್ಳುತ್ತದೆ. ಈ ಕ್ರಮವನ್ನು ನೆಲದ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಹಾರುವವನಿಗೆ ಪ್ರಜ್ಞೆ ತಪ್ಪಿದರೂ ಮೀಸಲನ್ನು ತಾನಾಗಿ ಬಿಚ್ಚುವ, ಎತ್ತರ ಮತ್ತು ವೇಗವನ್ನು ಅಳೆಯುವ ಸಾಧನವೂ ಇದೆ.

ಪ್ಯಾರಾಚೂಟ್ ಇಲ್ಲದೆ ಬಿದ್ದೂ ಬದುಕುಳಿದವರೆಂದು ಸಂದೇಶದಲ್ಲಿ ಉದಾಹರಿಸಿರುವ ವೆಸ್ನಾ ವುಲೋವಿಚ್ ಸ್ಕೈಡೈವರ್ ಅಲ್ಲ, ಗಗನಸಖಿ. 1972ರ ಜನವರಿ 26ರಂದು 10,160 ಮೀಟರ್ ಎತ್ತರದಲ್ಲಿ ಒಡೆದ ವಿಮಾನದ ಭಾಗದೊಳಗೇ ಸಿಲುಕಿದ್ದ ಅವರು ಬಿದ್ದದ್ದು ನೀರಿಗಲ್ಲ, ಹಿಮ ಮುಚ್ಚಿದ ಕಾಡಿನ ಇಳಿಜಾರಿಗೆ.

ನನ್ನ ಆತಂಕ ಸ್ಕೈಡೈವರ್‌ಗಳ ಬಗ್ಗೆ ಮಾತ್ರವಲ್ಲ, ಎತ್ತರದಿಂದ ನೀರಿಗೆ ಹಾರುವ ನಮ್ಮ ಹುಡುಗರ ಬಗ್ಗೆಯೂ ಇದೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ಹಾಕಿ.