ಒಂಬತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ಹಿಂಸೆ ತಡೆಯುವ ಪಾಠಕ್ಕೊಂದು ಜಾಗ

ಮಂಡ್ಯದಲ್ಲಿ ಓದಿ ಬೆಳೆದು ಈಗ ಕೆನಡಾದ ಒಂಟಾರಿಯೊದಲ್ಲಿ ನೆಲೆಸಿರುವ ನನಗೆ, ಹಿಂಸೆ ತಡೆಯುವ ಶಿಕ್ಷಣ ನಮ್ಮ ಪ್ರೌಢಶಾಲೆಗಳಲ್ಲಿ ಏಕೆ ಬೇರೂರುತ್ತಿಲ್ಲ ಎಂಬ ಪ್ರಶ್ನೆ ಕಾಡುತ್ತಲೇ ಇದೆ. ಕಾರ್ಯಕ್ರಮಗಳೇನೋ ನಡೆಯುತ್ತವೆ. ವಕೀಲರೋ ಪೊಲೀಸ್ ಅಧಿಕಾರಿಯೋ ಬಂದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ವಿವರಿಸುತ್ತಾರೆ, ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತಾರೆ, ವಂದನಾರ್ಪಣೆಯೊಂದಿಗೆ ಎಲ್ಲವೂ ಮುಗಿಯುತ್ತದೆ. ಆದರೆ ಸಂಜೆ ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳ ಹಿಂದೆ ಬಿದ್ದ ಗೆಳೆಯನನ್ನು ತಡೆಯಲು ಏನು ಹೇಳಬೇಕೆಂಬುದನ್ನು ಅಲ್ಲಿ ಯಾರೂ ಕಲಿಸಿರುವುದಿಲ್ಲ.

ಒಂಟಾರಿಯೊದಲ್ಲೇ ರೂಪುಗೊಂಡ 'ಫೋರ್ತ್ ಆರ್' ಎಂಬ ಪಠ್ಯಕ್ರಮ ಇದನ್ನೇ ಕಲಿಸುತ್ತದೆ. ಒಂಬತ್ತನೇ ತರಗತಿಯ ಆರೋಗ್ಯ ಶಿಕ್ಷಣದೊಳಗೇ ಸೇರಿಕೊಂಡ 21 ಪಾಠಗಳವು. ತರಬೇತಿ ಪಡೆದ ಶಾಲೆಯ ಶಿಕ್ಷಕರೇ ಅವನ್ನು ನಡೆಸುತ್ತಾರೆ. ಒತ್ತಡ ಹೇರುವವನಿಗೆ ಬೇಡವೆನ್ನುವುದನ್ನು, ಜಗಳ ಕೈಮೀರುವ ಮೊದಲೇ ಹಿಂದೆ ಸರಿಯುವುದನ್ನು ಮಕ್ಕಳು ಪಾತ್ರ ವಹಿಸಿ ಅಭ್ಯಾಸ ಮಾಡುತ್ತಾರೆ. 20 ಶಾಲೆಗಳ ಸಾವಿರದ ಏಳುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡೂವರೆ ವರ್ಷಗಳ ನಂತರ, ಪ್ರೇಮಸಂಬಂಧದಲ್ಲಿ ಕೈಮಾಡಿದ ಹುಡುಗರ ಪ್ರಮಾಣ ಪಾಠ ಕಲಿಯದವರಲ್ಲಿ ಶೇ. 7.1 ಇದ್ದರೆ ಕಲಿತವರಲ್ಲಿ ಶೇ. 2.7 ಇತ್ತು. ಹುಡುಗಿಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಶಾಲೆಗಳು ಇದನ್ನು ಒಪ್ಪಿಕೊಳ್ಳುವುದಕ್ಕೆ ಮುಖ್ಯ ಕಾರಣ, ನನ್ನ ದೃಷ್ಟಿಯಲ್ಲಿ, ಅದು ಹೊಸ ಪೀರಿಯಡ್ ಕೇಳುವುದಿಲ್ಲ ಎಂಬುದೇ.

ಮಂಡ್ಯದ ಮುಖ್ಯೋಪಾಧ್ಯಾಯರ ತಲೆಯಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೂತಿರುತ್ತದೆ. ಅದು ಅವರ ತಪ್ಪಲ್ಲ. ಆದ್ದರಿಂದ ಹತ್ತನೆಯದನ್ನು ಬಿಟ್ಟು ಒಂಬತ್ತನೆಯದರ ದೈಹಿಕ ಶಿಕ್ಷಣದ ಅವಧಿಯಲ್ಲಿ ಆರಂಭಿಸುವುದೇ ಸರಿ. ಕೆನಡಾದ ಪಾಠಗಳನ್ನು ಹಾಗೆಯೇ ಇಳಿಸಿದರೆ 'ಮಕ್ಕಳಿಗೆ ಪ್ರೀತಿ-ಪ್ರೇಮ ಹೇಳಿಕೊಡ್ತೀರಾ' ಎಂದು ಪೋಷಕರು ಎದ್ದು ನಿಲ್ಲುತ್ತಾರೆ. ಪಾಠದ ಸನ್ನಿವೇಶ ನಮ್ಮದೇ ಆಗಿರಲಿ: 'ಹೋಗ್ಲಾ, ನಂಬರ್ ಕೇಳ್ಲಾ, ಧೈರ್ಯ ಇಲ್ವೇನ್ಲಾ' ಎಂದು ಗೆಳೆಯರು ನೂಕುತ್ತಿರುವಾಗ ಅವನು ಏನೆನ್ನಬೇಕು, ಪಕ್ಕದಲ್ಲಿ ನಿಂತವನು ಏನು ಮಾಡಬೇಕು ಎಂಬುದನ್ನು ಹುಡುಗರು ಆಡಿ ತೋರಿಸಲಿ. ಪೋಷಕರನ್ನು ಶಾಲೆಗೆ ಕರೆಸುವ 'ಸಮುದಾಯದತ್ತ ಶಾಲೆ' ಸಭೆಯಲ್ಲಿ ಅಂಥದೊಂದು ಪಾಠವನ್ನು ಅವರ ಕಣ್ಣೆದುರೇ ನಡೆಸಿದರೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆಯುವುದು ಕಷ್ಟವಾಗಲಾರದು. ಶಿಕ್ಷಕರ ತರಬೇತಿಯ ದಿನಗಳನ್ನು ಮಾತ್ರ ಇಲಾಖೆಯೇ ಕರ್ತವ್ಯವೆಂದು ಪರಿಗಣಿಸಬೇಕು. ಅವರ ರಜೆಯನ್ನು ಕಸಿದುಕೊಂಡು ಈ ಕೆಲಸ ಮಾಡಿಸಬಾರದು.