ದೀಪ ಆರಿತ್ತಲ್ಲೋ

ರಾಯಚೂರಿನ ನಮ್ಮ ಮನೆಯ ಹಿಂದಿನ ಕೋಣೆಯನ್ನು ನಾನು ಸ್ಟುಡಿಯೋ ಅನ್ನುತ್ತೇನೆ. ಅವ್ವ ಈಗಲೂ ಜೋಳದ ಕೋಣೆ ಅಂತಲೇ ಅನ್ನುತ್ತಾಳೆ. ಜೋಳದ ಚೀಲ ಹೋಗಿ ಮೈಕ್ ಬಂದಿದೆ, ಅಷ್ಟೇ. ಗೋಡೆಗೆ ಅಜ್ಜಿ ಹೊಲಿದ ನಾಲ್ಕು ಕೌದಿ ನೇತುಹಾಕಿದ್ದೇನೆ. ಕೋಣೆಯೊಳಗಿನ ಮಾರ್ದನಿಯನ್ನು ಚೆನ್ನಾಗಿಯೇ ನುಂಗುತ್ತವೆ. ಹೊರಗಿನ ಸದ್ದು ತಡೆಯುವುದು ಮಾತ್ರ ಅವುಗಳ ಕೈಲಿ ಆಗದ ಕೆಲಸ.

ಹೊರಗಿನ ಸದ್ದು ಅಂದರೆ ಮುಖ್ಯವಾಗಿ ಅವ್ವ. ಹಾಗಾಗಿ ಬಾಗಿಲ ಮೇಲೆ ಕೆಂಪು ದೀಪ ಹಾಕೋಣ ಅಂದುಕೊಂಡೆ. ರೇಡಿಯೋ ಸ್ಟುಡಿಯೋಗಳಲ್ಲಿ ಇರುತ್ತದಲ್ವಾ, ಹಾಗೆ. ಅಲ್ಲಿ ಮೈಕಿನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ಮೇಲೆತ್ತಿದ ಕೂಡಲೇ ದೀಪ ಹತ್ತುತ್ತದೆ, ಕೋಣೆಯ ಸ್ಪೀಕರ್ ಮೂಕಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಪುಟ್ಟ ಪೆಟ್ಟಿಗೆಯಲ್ಲಿ ಅಂಥ ಸೌಲಭ್ಯ ಇಲ್ಲ. ಅಳಿಯ ಡಿಪ್ಲೊಮಾ ಓದುತ್ತಿದ್ದಾನೆ. ಒಂದು ಸೌಂಡ್ ಸೆನ್ಸರ್ ತಂದ. ಅದರ ಮೇಲೊಂದು ಗುಂಡು ಮೈಕು, ಪಕ್ಕದಲ್ಲಿ ತಿರುಗಿಸಲು ಪುಟಾಣಿ ಸ್ಕ್ರೂ. ಸದ್ದು ನಾವಿಟ್ಟ ಮಟ್ಟ ದಾಟಿದರೆ ರಿಲೇ, ಅಂದರೆ ಕರೆಂಟಿನಿಂದ ತಾನೇ ಆಡುವ ಸ್ವಿಚ್ಚು, ಎಳೆಯುತ್ತದೆ, ಬಲ್ಬ್ ಹತ್ತುತ್ತದೆ.

ಸ್ಕ್ರೂ ಒಂದು ಕಡೆ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದರೂ ದೀಪ. ಇನ್ನೊಂದು ಕಡೆ ತಿರುಗಿಸಿದರೆ ಮೊಹರಂನ ಹಲಗಿ ಬಾರಿಸಿದರೂ ಕತ್ತಲು. ನಡುವೆ ಎಲ್ಲೋ ನಿಲ್ಲಿಸಿದೆವು. ಆಗ ಹೊಸ ತಮಾಷೆ. ರಿಲೇ ಬಿಡುವಾಗ 'ಟಕ್' ಅನ್ನುತ್ತದೆ. ಆ ಟಕ್ ಸೆನ್ಸರ್ ಕಿವಿಗೆ ಬಿದ್ದು ದೀಪ ಮತ್ತೆ ಹತ್ತುತ್ತದೆ. ತನ್ನ ಸದ್ದಿಗೆ ತಾನೇ ಬೆಚ್ಚಿಬೀಳುವ ಕಳ್ಳನ ಹಾಗೆ. ರಿಲೇ ಎತ್ತಿ ಪಡಸಾಲೆಗೆ ಹಾಕಿದೆವು.

ಮೊದಲ ರೆಕಾರ್ಡಿಂಗಿಗೆ ಮಾನ್ವಿ ಕಡೆಯಿಂದ ಹಿರಿಯರೊಬ್ಬರು ಬಂದರು. ಮಾನ್ವಿ ಜಗನ್ನಾಥದಾಸರ ಊರು, ದಾಸರ ಪದ ಅಲ್ಲಿನವರಿಗೆ ಮನೆಮಾತು. ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು, ಫ್ಯಾನ್ ಬಂದ್. ಅಜ್ಜಾರು ಪಲ್ಲವಿ ಎತ್ತಿದರು. ಹೊರಗೆ ದೀಪ ಹತ್ತಿತು. ಒಂದು ನುಡಿ ಮುಗಿಸಿ, ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತರು. ಮುಂದಿನ ಸಾಲಿಗೆ ಮುಂಚಿನ ಮೌನ. ಎಂಥ ಮೌನ ಅಂತೀರಿ! ದೀಪ ಆರಿತು.

ಬಾಗಿಲು ತೆರೆಯಿತು. "ಅಜ್ಜಾರಿಗೆ ಊಟ ಮಾಡ್ಕೊಂಡು ಹೋಗಾಕ ಹೇಳಪಾ."

"ಯವ್ವಾ, ಇನ್ನೂ ಹಾಡಾಕತ್ತಾರ!"

"ದೀಪ ಆರಿತ್ತಲ್ಲೋ!"

ಅವ್ವನದೇನು ತಪ್ಪು? ಕಾಯಬೇಕಾದದ್ದು ಮೌನವನ್ನು. ನಾನು ಸದ್ದಿಗೆ ಕಾವಲು ಇಟ್ಟಿದ್ದೆ. ಹಾಡು ಜೋರಾಗಿರುವಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಅಷ್ಟು ಕೇಳಿಸುವುದಿಲ್ಲ. ಸುಮ್ನೆ ಇರುವಾಗ ಚಮಚ ಬಿದ್ದರೂ ಕೆಟ್ಟಿತು. ಸದ್ದು ನಿಂತ ಮೇಲೂ 10 ಸೆಕೆಂಡ್ ಉರಿಯಲಿ ಅಂತ ಅಳಿಯ ಬದಲಾಯಿಸಿದ. ಆದರೂ ಹಾಡು ಶುರುವಾಗುವ ಮುಂಚಿನ ಮೌನಕ್ಕೆ ಅದು ಏನು ಮಾಡೀತು?

ಈಗ ಸೆನ್ಸರ್ ಕಿತ್ತು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿದರೆ ಸಾಫ್ಟ್‌ವೇರ್ ಹೊರಗೊಂದು ಸಂದೇಶ ಕಳಿಸುತ್ತದೆ. ಆರ್ಡುಯಿನೋ ಎಂಬ ಪುಟ್ಟ ಬೋರ್ಡು ಅದನ್ನು ಹಿಡಿದು ದೀಪ ಹಚ್ಚುತ್ತದೆ. ರಿಲೇ ಜಾಗಕ್ಕೆ ಟಕ್ ಅನ್ನದ ಸಾಲಿಡ್ ಸ್ಟೇಟ್ ರಿಲೇ ಬಂದಿದೆ. ಹಾಡಲಿ, ಬಿಡಲಿ, ದೀಪ ಅಲುಗುವುದಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರ ಕೆಂಪು ಜೀರೋ ಬಲ್ಬ್ ಕಂಡು ದೇವರ ಕೋಣೆ ಅಂದುಕೊಂಡು, ಚಪ್ಪಲಿ ಬಿಟ್ಟು ಕೈ ಮುಗಿದರು. ಕಾವಲಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಅಜ್ಜಾರು ಹೋದ ವಾರ ಮತ್ತೆ ಬಂದಿದ್ದರು. ಎರಡನೇ ನುಡಿಯ ಹೊತ್ತಿಗೆ ಕರೆಂಟ್ ಹೋಯಿತು. ಊರಿಂದ 20 ಕಿಲೋಮೀಟರ್ ಆಚೆ ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರ ಇದೆ, ಅದು ಬೇರೆ ಮಾತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ರೆಕಾರ್ಡ್ ಮಾಡುತ್ತಲೇ ಇತ್ತು. ಅಜ್ಜಾರು ಕಣ್ಣು ಮುಚ್ಚಿಕೊಂಡೇ ಇದ್ದರು. ಹೊರಗಿನ ದೀಪ ಮಾತ್ರ ಆರಿತು.

ಬಾಗಿಲು ಒಂದಿಷ್ಟೇ ಸರಿಯಿತು. ಅವ್ವ ಪಿಸುಗುಟ್ಟಿದಳು: "ಹಾಡು ಮುಗೀತೋ, ಕರೆಂಟ್ ಹೋತೋ?"